ಕೊಂಡಿ ಬಿಗಿಯುವವನ ಧರ್ಮ

ಅಮೆರಿಕದ ಕಾನ್ಸಾಸ್ ರಾಜ್ಯದ ಆಗ್ನೇಯ ಭಾಗದಲ್ಲಿ ಹಂಬೋಲ್ಟ್ ಎಂಬ ಊರಿದೆ. ಜನಸಂಖ್ಯೆ ಎರಡು ಸಾವಿರಕ್ಕೂ ಕಡಿಮೆ. ಊರಿಗೆ ಎರಡು ಗುರುತುಗಳು. ಒಂದು, 1950ರ ದಶಕದ ಕೊನೆಯಲ್ಲಿ ಆರಂಭವಾಗಿ ಅಕ್ಟೋಬರ್ ತಿಂಗಳಲ್ಲಿ ನಡೆಯುತ್ತ ಬಂದಿರುವ ಬಿಬ್ಲೆಸ್ಟಾ ಮೆರವಣಿಗೆ. ಬೈಬಲಿನ ಕಥೆಗಳನ್ನು ಸ್ತಬ್ಧಚಿತ್ರಗಳಾಗಿ ಕಟ್ಟಿಕೊಂಡು ಜನ ಅಂದು ಬೀದಿಗೆ ಬರುತ್ತಾರೆ. ಇನ್ನೊಂದು, 1987ರಲ್ಲಿ ಶುರುವಾದ ಬಿ ಅಂಡ್ ಡಬ್ಲ್ಯೂ ಕಾರ್ಖಾನೆ. ಪಿಕಪ್ ಟ್ರಕ್ಕಿಗೆ ದೊಡ್ಡ ಟ್ರೇಲರ್ ಜೋಡಿಸುವ ಗೂಸ್‌ನೆಕ್ ಹಿಚ್‌ಗೆ ಅದು ಹೆಸರುವಾಸಿ.

ಧರ್ಮಗ್ರಂಥದ ಮೆರವಣಿಗೆಯೂ ಉಕ್ಕಿನ ಕೊಂಡಿಯೂ ಒಂದೇ ಊರಿನಲ್ಲಿ ಇರುವುದು ಕಾಕತಾಳೀಯ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬಹಳ ಹಳೆಯ ಪ್ರಶ್ನೆಯೊಂದು ಎದ್ದು ನಿಲ್ಲುತ್ತದೆ. ಮನುಷ್ಯನೊಬ್ಬನ ವಸ್ತುವಿನಿಂದ ಅವನು ಎಂದೂ ಕಾಣದ, ಹೆಸರೂ ತಿಳಿಯದ ಯಾರಿಗೋ ಅಪಾಯ ಆಗಬಹುದು ಎನ್ನುವುದಾದರೆ, ಅವನ ಹೊಣೆ ಶುರುವಾಗುವುದು ಎಲ್ಲಿಂದ? ಅಪಘಾತ ನಡೆದ ಮೇಲೋ, ವಸ್ತುವನ್ನು ಆರಿಸಿಕೊಂಡ ಗಳಿಗೆಯಲ್ಲೋ?

ಮೊದಲು ವಸ್ತುವಿನ ವಿಚಾರ. ಸಾಮಾನ್ಯ ಟ್ರೇಲರ್ ವಾಹನದ ಹಿಂಬದಿಯ ಬಂಪರ್ ಕೆಳಗಿನ ಕೊಂಡಿಗೆ ಸಿಕ್ಕಿಕೊಂಡು ಬರುತ್ತದೆ. ಮಂಡ್ಯದ ಕಡೆ ಕಬ್ಬು ಹೊತ್ತ ಟ್ರೇಲರ್ ಟ್ರ್ಯಾಕ್ಟರಿನ ಬೆನ್ನಿಗೆ ಬರುವುದೂ ಹೆಚ್ಚುಕಡಿಮೆ ಹೀಗೆಯೇ. ಗೂಸ್‌ನೆಕ್ ಬೇರೆ ಬಗೆಯದು. ಟ್ರೇಲರಿನ ಮುಂಭಾಗದಿಂದ ಉಕ್ಕಿನ ಕತ್ತೊಂದು ಮೇಲೆದ್ದು, ಪಿಕಪ್ಪಿನ ಹಿಂಬಾಗಿಲನ್ನು ದಾಟಿ, ಸಾಮಾನು ಹೇರುವ ತೊಟ್ಟಿಯ ನಡುವಿಗೆ ಇಳಿಯುತ್ತದೆ. ಅಲ್ಲಿ, ಹಿಂದಿನ ಆ್ಯಕ್ಸಲ್‌ನ ನೇರಕ್ಕೆ ಅಥವಾ ಅದಕ್ಕಿಂತ ತುಸು ಮುಂದೆ ನಿಂತಿರುವ ಉಕ್ಕಿನ ಗುಂಡಿನ ಮೇಲೆ ಕೂರುತ್ತದೆ. ಗುಂಡಿನ ವ್ಯಾಸ ಸಾಮಾನ್ಯವಾಗಿ 59 ಮಿಲಿಮೀಟರಿಗೆ ಒಂದು ಕೂದಲೆಳೆ ಕಡಿಮೆ. ಭಾರ ಬಾಲದ ತುದಿಗೆ ಬೀಳದೆ ಚಕ್ರಗಳ ಮೇಲೆ ಬೀಳುವುದರಿಂದ ಟ್ರೇಲರ್ ಓಲಾಡುವುದು ಕಡಿಮೆ, ಇಕ್ಕಟ್ಟಿನ ತಿರುವು ಸಲೀಸು. ದನ, ಕುದುರೆ, ಹುಲ್ಲಿನ ಉರುಳೆ, ಟ್ರ್ಯಾಕ್ಟರ್ ಸಾಗಿಸುವ ರೈತರು ಇದನ್ನು ಇಷ್ಟಪಡುವುದು ಅದಕ್ಕೇ.

ಆಯ್ಕೆಗಳು ಹಲವು. ತೊಟ್ಟಿಯ ತಳದಲ್ಲಿ ತೂತು ಕೊರೆದು, ಕೆಳಗೆ ಚಾಸಿಗೆ ಬೋಲ್ಟ್ ಹಾಕಿ ಬಿಗಿಯುವ ಹಿಚ್ ಒಂದು. ಕೆಲಸ ಮುಗಿದ ಮೇಲೆ ಗುಂಡನ್ನು ತಲೆಕೆಳಗು ಮಾಡಿ ಒಳಗೆ ಇಳಿಸಿಬಿಟ್ಟರೆ ತೊಟ್ಟಿ ಮತ್ತೆ ಸಮತಟ್ಟು. ತೊಟ್ಟಿಯ ಮೇಲೆಯೇ ಹಳಿ ಜೋಡಿಸಿ ಕೂರಿಸುವುದು ಇನ್ನೊಂದು. ಫೋರ್ಡ್, ರಾಮ್, ಷೆವ್ರೊಲೆ ಕಂಪನಿಗಳು ಕಾರ್ಖಾನೆಯಲ್ಲೇ ತೂತು, ಅಡಿಪಟ್ಟಿ ಎಲ್ಲ ಮಾಡಿ ಕೊಡುವ ಟ್ರಕ್‌ಗಳೂ ಇವೆ. ತೊಟ್ಟಿ ಗಿಡ್ಡವಾಗಿದ್ದರೆ ತಿರುವಿನಲ್ಲಿ ಟ್ರೇಲರಿನ ಮೂಲೆ ಚಾಲಕನ ಹಿಂದಿನ ಗಾಜಿಗೆ ಬಡಿಯುವ ಭಯವಿದೆ. ಅದಕ್ಕೆಂದು ಗುಂಡನ್ನು ಕೆಲವು ಅಂಗುಲ ಹಿಂದಕ್ಕೆ ಸರಿಸುವ ಬಗೆಯೂ ಸಿಗುತ್ತದೆ. ಸರಿಸಿದಷ್ಟೂ ಆ್ಯಕ್ಸಲ್‌ನಿಂದ ಭಾರ ದೂರವಾಗುತ್ತದೆ.

ಇಷ್ಟೆಲ್ಲ ನೋಡಿ ಕೊಳ್ಳುವವರ ಕಣ್ಣು ಕೊನೆಗೆ ನಿಲ್ಲುವುದು ಹಿಚ್ ಮೇಲಿನ ಒಂದು ಅಂಕಿಯ ಮೇಲೆ. ಮಾರುಕಟ್ಟೆಯ ಗಟ್ಟಿ ಗೂಸ್‌ನೆಕ್ ಹಿಚ್‌ಗಳ ಮೇಲೆ 30,000 ಪೌಂಡ್, ಅಂದರೆ ಸುಮಾರು 13,600 ಕಿಲೋ ಎಂದು ಬರೆದಿರುತ್ತದೆ. ಅಷ್ಟು ಎಳೆಯಬಹುದು ಎಂದು ಓದುಗ ನಂಬುತ್ತಾನೆ. ತಪ್ಪು ಇಲ್ಲೇ ಹುಟ್ಟುವುದು. ಆ ಅಂಕಿ ಹಿಚ್‌ನದು ಮಾತ್ರ, ಟ್ರಕ್ಕಿನದಲ್ಲ.

ಟ್ರಕ್ಕಿನ ಮಾತು ಬೇರೆ ಕಡೆ ಬರೆದಿದೆ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತದೆ. ಕೂರುವ ಜನ, ಹೇರುವ ಸಾಮಾನು ಸೇರಿ ಎಷ್ಟು ಭಾರ ಮೀರಬಾರದು ಎಂದು ಅದು ಹೇಳುತ್ತದೆ. ಗೂಸ್‌ನೆಕ್ ಟ್ರೇಲರ್ ತನ್ನ ಒಟ್ಟು ತೂಕದ ಶೇ 15ರಿಂದ 25ರಷ್ಟನ್ನು ಟ್ರಕ್ಕಿನ ಬೆನ್ನಿಗೆ ಇಳಿಸುತ್ತದೆ. ದನ ತುಂಬಿದ ಟ್ರೇಲರಿನ ತೂಕ 6,800 ಕಿಲೋ ಎಂದುಕೊಳ್ಳಿ. ಹಿಚ್‌ನ ಮಿತಿಯ ಅರ್ಧವಷ್ಟೇ ಆಯಿತು. ಆದರೆ ಟ್ರಕ್ಕಿನ ಮೇಲೆ ಬೀಳುವ ಭಾರ 1,020ರಿಂದ 1,700 ಕಿಲೋ. ದೊಡ್ಡ ಡೀಸೆಲ್ ಎಂಜಿನ್, ನಾಲ್ಕು ಬಾಗಿಲು, ಮೆತ್ತನೆಯ ಸೀಟು ಇರುವ ಎಷ್ಟೋ ‘ಮುಕ್ಕಾಲು ಟನ್’ ವರ್ಗದ (ಅದು ಹೆಸರಷ್ಟೇ, ನಿಜವಾದ ಮಿತಿಯಲ್ಲ) ಪಿಕಪ್‌ಗಳಲ್ಲಿ ಚೀಟಿಯ ಮಿತಿ 1,000 ಕಿಲೋದ ಆಸುಪಾಸಿಗೆ ಇಳಿದಿರುತ್ತದೆ. ಹಿಚ್ ಜಗ್ಗುವುದಿಲ್ಲ. ಜಗ್ಗುವುದು ಸ್ಪ್ರಿಂಗ್, ಕಾಯುವುದು ಟೈರ್. ಭಾರ ಮಿತಿ ಮೀರಿದರೆ ಸ್ಟೀರಿಂಗ್ ತಿರುಗಿಸಿದಂತೆ ಗಾಡಿ ತಿರುಗುವುದಿಲ್ಲ, ಬ್ರೇಕ್ ಒತ್ತಿದಂತೆ ನಿಲ್ಲುವುದಿಲ್ಲ. ಎದುರಿನ ಕಾರಿನಲ್ಲಿ ಮಕ್ಕಳನ್ನು ಶಾಲೆಗೆ ಬಿಡಲು ಹೊರಟಿರುವ ತಾಯಿಗೆ ಈ ಲೆಕ್ಕ ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ.

ಹೀಬ್ರೂ ಧರ್ಮಗ್ರಂಥ ಈ ಬಗೆಯ ಸಂಗತಿಯನ್ನು ದನದಿಂದಲೇ ಶುರು ಮಾಡುತ್ತದೆ. ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ಹಾಯುವ ಎತ್ತಿನ ಕಾನೂನಿದೆ. ಎತ್ತು ಮೊದಲ ಸಲ ಹಾಯ್ದು ಮನುಷ್ಯ ಸತ್ತರೆ ಯಜಮಾನನಿಗೆ ಶಿಕ್ಷೆಯಿಲ್ಲ. ಅದು ಹಾಯುವ ಎತ್ತು ಎಂದು ಮೊದಲೇ ಎಚ್ಚರಿಸಿದ್ದರೂ ಕಟ್ಟಿಹಾಕದೆ ಬಿಟ್ಟಿದ್ದರೆ ಅವನೂ ಹೊಣೆ. ಬಾಗಿಲ ಚೀಟಿ ಅಂಥ ಎಚ್ಚರಿಕೆ. ಓದಲಿಲ್ಲ ಎನ್ನುವುದು ಕೇಳಿಸಿಕೊಳ್ಳಲಿಲ್ಲ ಎಂದಂತೆ. ಅದೇ ಅಧ್ಯಾಯದಲ್ಲಿ, ಗುಂಡಿ ತೋಡಿ ಮುಚ್ಚದೆ ಹೋದವನ ಹೊಣೆಯ ಮಾತೂ ಬರುತ್ತದೆ.

ಇವಕ್ಕಿಂತ ಒಂದು ಹೆಜ್ಜೆ ಮುಂದಿನದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದ ಆಜ್ಞೆ: ಹೊಸ ಮನೆ ಕಟ್ಟಿದವನು ಮಾಳಿಗೆಗೆ ಕೈಪಿಡಿ ಗೋಡೆ ಕಟ್ಟಬೇಕು. ಯಾರೂ ಇನ್ನೂ ಬಿದ್ದಿಲ್ಲ. ಮುಂದೆಯೂ ಬೀಳದೆ ಇರಬಹುದು. ಆದರೂ ಗೋಡೆ ಕಟ್ಟದ ಮನೆಯವನು ತಪ್ಪು ಮಾಡಿಯಾಯಿತು. 12ನೆಯ ಶತಮಾನದ ಯಹೂದಿ ಪಂಡಿತ ಮೈಮೋನಿಡೀಸ್ ಈ ಆಜ್ಞೆಯನ್ನು ಮಾಳಿಗೆಯಿಂದ ಬಿಡಿಸಿ, ಜೀವಕ್ಕೆ ಎರವಾಗಬಲ್ಲ ಎಲ್ಲದಕ್ಕೂ ಹಬ್ಬಿಸಿದ. ತನ್ನ ಜೀವವನ್ನು ತಾನು ಅಪಾಯಕ್ಕೆ ಒಡ್ಡಿಕೊಂಡರೆ ಬೇರೆಯವರಿಗೇನು ಎಂದು ಕೇಳುವವನನ್ನೂ ಅವನು ಶಿಕ್ಷೆಗೆ ಅರ್ಹ ಎಂದೇ ಬಗೆದ.

ಇದಕ್ಕೆ ಎದುರು ನಿಲ್ಲುವ ಒಂದು ಸಹಜ ಭಾವನೆ ಎಲ್ಲರಲ್ಲೂ ಇದೆ. ಏನೂ ಆಗದಿದ್ದರೆ ಏನೂ ತಪ್ಪಿಲ್ಲ ಎನ್ನುವುದು ಅದು. ಆ್ಯಡಂ ಸ್ಮಿತ್ 1759ರ ತನ್ನ ನೀತಿಗ್ರಂಥದಲ್ಲಿ ಇದನ್ನು ನೇರವಾಗಿ ಎತ್ತಿಕೊಂಡ. ಗೋಡೆಯಾಚೆಯ ಬೀದಿಗೆ, ಹೋಗಿಬರುವವರನ್ನು ಎಚ್ಚರಿಸದೆ, ದೊಡ್ಡ ಕಲ್ಲೊಂದನ್ನು ಎಸೆಯುವವನನ್ನು ಅವನು ಉದಾಹರಣೆಯಾಗಿ ತೆಗೆದುಕೊಂಡ. ಕಲ್ಲು ಯಾರಿಗೂ ತಾಕದಿದ್ದರೂ ಅವನು ಒಂದಿಷ್ಟು ಶಿಕ್ಷೆಗೆ ಅರ್ಹ ಎಂದು ಸ್ಮಿತ್‌ನ ಅಭಿಪ್ರಾಯ. 1976ರಲ್ಲಿ ತತ್ತ್ವಜ್ಞಾನಿಗಳಾದ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ನೈತಿಕ ಅದೃಷ್ಟದ ಬಗ್ಗೆ ಪ್ರಬಂಧಗಳನ್ನು ಮಂಡಿಸಿದಾಗ ನೇಗಲ್ ಆರಿಸಿಕೊಂಡದ್ದು ಒಬ್ಬ ಲಾರಿ ಚಾಲಕನನ್ನು. ಅವನು ಬ್ರೇಕ್ ತಪಾಸಣೆ ಮಾಡಿಸಿರಲಿಲ್ಲ. ಮಗುವೊಂದು ಅಡ್ಡ ಬಂದು ಸತ್ತಿತು. ಅದೇ ಉದಾಸೀನ ತೋರಿದ ಇನ್ನೊಬ್ಬ ಚಾಲಕನಿಗೆ ಯಾರೂ ಅಡ್ಡ ಬರದಿದ್ದರೆ ಅವನು ರಾತ್ರಿ ಉಂಡು ನೆಮ್ಮದಿಯಾಗಿ ಮಲಗುತ್ತಾನೆ. ಇಬ್ಬರ ನಡತೆ ಒಂದೇ, ನಡುವಿನ ವ್ಯತ್ಯಾಸ ಅದೃಷ್ಟದ್ದು. ಹಾಗಿದ್ದೂ ಲೋಕ ಒಬ್ಬನನ್ನು ಜೈಲಿಗೆ ಕಳಿಸಿ ಇನ್ನೊಬ್ಬನ ಹೆಗಲು ತಟ್ಟುತ್ತದೆ.

ನೇಗಲ್ ಈ ಗಂಟನ್ನು ಬಿಡಿಸಲಿಲ್ಲ, ಅದು ಬಿಡಿಸಲಾಗದ ಗಂಟು ಎಂದು ತೋರಿಸಿದ. ತತ್ತ್ವಜ್ಞಾನಿಗೆ ಅಷ್ಟು ಸಾಕು. ಹಿಚ್ ಕೊಳ್ಳಲು ಹೊರಟವನಿಗೆ ಸಾಲದು. ಅವನ ಮಟ್ಟಿಗೆ ಮಾಳಿಗೆಯ ಗೋಡೆಯ ಆಜ್ಞೆಯೇ ಸರಿಯಾದ ದಾರಿ ಎನ್ನಬೇಕಾಗುತ್ತದೆ. ರಸ್ತೆಯ ಮೇಲಿನ ಆ ಒಂದು ಕ್ಷಣದಲ್ಲಿ ಮನುಷ್ಯನ ಕೈಯಲ್ಲಿ ಉಳಿದಿರುವುದು ತೀರಾ ಕಡಿಮೆ. ಅಂಗಡಿಯಲ್ಲಿ, ಅಂಗಳದಲ್ಲಿ, ಬೋಲ್ಟ್ ಬಿಗಿಯುವಾಗ ಎಲ್ಲವೂ ಅವನ ಕೈಯಲ್ಲಿತ್ತು.

ಅಪಘಾತ ಆದಾಗ ನಮ್ಮಲ್ಲಿ ಗ್ರಹಚಾರ ಎನ್ನುತ್ತಾರೆ, ಹಣೆಬರಹ ಎನ್ನುತ್ತಾರೆ. ಸಂಕಟದಲ್ಲಿರುವವರ ಬಾಯಿಂದ ಆ ಮಾತು ಬಂದರೆ ಯಾರೂ ಆಕ್ಷೇಪಿಸಬಾರದು. ಆದರೆ ಹೊಣೆ ಹೊರಬೇಕಾದವನೇ ಅದನ್ನು ಆಡಿದರೆ ಅದು ನುಣುಚಿಕೊಳ್ಳುವ ಮಾತಾಗುತ್ತದೆ. ಗೀತೆಯನ್ನೂ ಹೀಗೆ ಬಳಸುವವರಿದ್ದಾರೆ. ಫಲದ ಹಂಬಲ ಬಿಡಬೇಕೆನ್ನುವ ಅದೇ ಎರಡನೆಯ ಅಧ್ಯಾಯ ಕೆಲಸದಲ್ಲಿನ ಕೌಶಲವನ್ನೂ ಎತ್ತಿ ಹಿಡಿಯುತ್ತದೆ ಎಂಬುದನ್ನು ಅವರು ಮರೆಯುತ್ತಾರೆ.

ಒಳ್ಳೆಯ ಹಿಚ್ ಜೋಡಣೆಯಲ್ಲಿ ಇನ್ನೊಂದು ಗುಣವಿದೆ: ಅದು ತನ್ನನ್ನೇ ಪೂರ್ತಿ ನಂಬುವುದಿಲ್ಲ. ಗುಂಡಿನ ಅಕ್ಕಪಕ್ಕ ಸರಪಳಿ ಸಿಕ್ಕಿಸಲು ಕಣ್ಣುಗಳಿರುತ್ತವೆ. ಟ್ರೇಲರಿನಿಂದ ಟ್ರಕ್ಕಿಗೆ ಒಂದು ತೆಳು ತಂತಿ ಎಳೆದಿರುತ್ತದೆ. ಟ್ರೇಲರ್ ಕಳಚಿಕೊಂಡರೆ ಆ ತಂತಿ ಒಂದು ಪಿನ್ ಕಿತ್ತು, ಟ್ರೇಲರಿನಲ್ಲೇ ಇರುವ ಬ್ಯಾಟರಿಯಿಂದ ಅದರ ಬ್ರೇಕ್ ಹಿಡಿಯುತ್ತದೆ. ಹಾಗೆ ಹಿಡಿದ ಬ್ರೇಕ್ ಕನಿಷ್ಠ 15 ನಿಮಿಷ ಬಿಡಬಾರದು ಎಂದು ಅಮೆರಿಕದ ವಾಣಿಜ್ಯ ವಾಹನಗಳ ಕೇಂದ್ರ ನಿಯಮ ಹೇಳುತ್ತದೆ. ಎಲ್ಲವನ್ನೂ ಸರಿಯಾಗಿ ಮಾಡಿದ ಮೇಲೂ ತಪ್ಪಾಗಬಹುದು ಎಂಬ ವಿನಯ ಈ ಸರಪಳಿ, ಈ ತಂತಿಯಲ್ಲಿದೆ. ಹಿಚ್ ಆರಿಸುವವರು ಸರಪಳಿಯ ಕಣ್ಣುಗಳು ಚಾಸಿಗೆ ಸೇರಿವೆಯೋ, ಬರೀ ತೊಟ್ಟಿಯ ತಗಡಿಗೆ ಬಿಗಿದಿವೆಯೋ ಎಂದು ಬಗ್ಗಿ ನೋಡುವುದು ಒಳಿತು. ಲಾಕ್ ಬಿದ್ದ ಮೇಲೆ ಟ್ರೇಲರಿನ ಬ್ರೇಕ್ ಹಿಡಿದು ಗಾಡಿಯನ್ನು ಮೆಲ್ಲಗೆ ಮುಂದಕ್ಕೆ ಜಗ್ಗಿ ನೋಡುವುದೂ ಅಷ್ಟೇ ಮುಖ್ಯ.

ಕಾನೂನು ಎಲ್ಲ ಕಡೆ ಇಷ್ಟು ಬಿಗಿಯಾಗಿಲ್ಲ. ಅಮೆರಿಕದಲ್ಲಿ ಭಾರಿ ವಾಹನದ ಲೈಸೆನ್ಸ್‌ನಿಂದ ರೈತರಿಗೆ ಅವರ ಹೊಲದಿಂದ 150 ಮೈಲಿ ಒಳಗಿನ ಓಡಾಟಕ್ಕೆ ವಿನಾಯಿತಿ ಕೊಡಲು ರಾಜ್ಯಗಳಿಗೆ ಅಧಿಕಾರವಿದೆ. ಟೆಕ್ಸಾಸ್ ರಾಜ್ಯ 2025ರ ಜನವರಿ 1ರಿಂದ ಖಾಸಗಿ ಬಳಕೆಯ ವಾಹನಗಳ ವಾರ್ಷಿಕ ಸುರಕ್ಷತಾ ತಪಾಸಣೆಯನ್ನೇ ಕೈಬಿಟ್ಟಿದೆ. ನೋಡುವ ಕೆಲಸ ಈಗ ಮಾಲೀಕರದೇ. ಟ್ರಕ್ಕಿಗೆ ಹಿಚ್ ಹಾಕಿಸುವವರು, ಅವರಲ್ಲಿ ಕನ್ನಡಿಗರೂ ಇದ್ದರೆ ಅವರೂ, ಮೊದಲು ಬಾಗಿಲು ತೆರೆದು ಚೀಟಿ ಓದಲಿ. ತುಂಬಿದ ಟ್ರೇಲರನ್ನು ಒಮ್ಮೆ ಹೆದ್ದಾರಿ ಬದಿಯ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿಸಲಿ. ಲೆಕ್ಕ ಕೂಡದಿದ್ದರೆ ಇನ್ನೂ ಗಟ್ಟಿ ಹಿಚ್ ಹುಡುಕುವುದು ಬೇಡ. ದನಗಳಲ್ಲಿ ಅರ್ಧದಷ್ಟನ್ನು ಇಳಿಸಿ, ಎರಡು ಸಲ ಹೋಗಿಬರಲಿ.