ಇಳಿಯದೆ ಮೇಲೇರಿದವನ ಧೈರ್ಯ

ಜಗತ್ತಿನ ದೊಡ್ಡ ವಿಮಾನ ನಿಲ್ದಾಣಗಳ ದಿನಚರಿಯನ್ನು ತೋರಿಸುವ ಟಿವಿ ಕಾರ್ಯಕ್ರಮಗಳಿಗೆ ಎಲ್ಲ ದೇಶಗಳಲ್ಲೂ ವೀಕ್ಷಕರಿದ್ದಾರೆ. ಲಂಡನ್ನಿನ ಹೀಥ್ರೂ ನಿಲ್ದಾಣವನ್ನು ಕುರಿತು ಬಿಬಿಸಿ 1996ರಲ್ಲಿ ಆರಂಭಿಸಿದ ‘ಏರ್‌ಪೋರ್ಟ್’ ಈ ಬಗೆಯ ಕಾರ್ಯಕ್ರಮಗಳಿಗೆ ಒಂದು ಮಾದರಿಯನ್ನು ಹಾಕಿಕೊಟ್ಟಿತು. ಅಲ್ಲಿ ರಷ್ಯಾದ ಏರೋಫ್ಲೋಟ್ ಸಂಸ್ಥೆಯ ನೌಕರನಾಗಿದ್ದ ಜೆರೆಮಿ ಸ್ಪೇಕ್ ಎಂಬಾತ ಆ ಕಾರ್ಯಕ್ರಮದಿಂದಲೇ ಮನೆಮಾತಾಗಿ, ಮುಂದೆ ಸ್ವತಃ ಟಿವಿ ನಿರೂಪಕನಾದ. 1998ರಲ್ಲಿ ಐಟಿವಿಯ ‘ಏರ್‌ಲೈನ್’ ಬಂತು. 2013ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ವಾಹಿನಿ ದುಬೈ ನಿಲ್ದಾಣದ ಮೇಲೆ ‘ಅಲ್ಟಿಮೇಟ್ ಏರ್‌ಪೋರ್ಟ್ ದುಬೈ’ ಎಂಬ ಸರಣಿಯನ್ನು ಶುರುಮಾಡಿತು. ತಡವಾಗಿ ಬಂದು ಕೌಂಟರ್ ಮುಂದೆ ಕೂಗಾಡುವ ಪ್ರಯಾಣಿಕ, ಕಳೆದುಹೋದ ಪೆಟ್ಟಿಗೆ, ದಟ್ಟ ಮಂಜು, ಹಿನ್ನೆಲೆಯಲ್ಲಿ ಎದೆ ಬಡಿತದಂತಹ ಸಂಗೀತ. ಇವಿಷ್ಟೂ ಇದ್ದರೆ ಒಂದು ಕಂತು ಸಿದ್ಧ.

ಈ ಕಾರ್ಯಕ್ರಮಗಳನ್ನು ವಿಮಾನಯಾನದಲ್ಲೇ ದುಡಿಯುವವರು ಹೇಗೆ ನೋಡುತ್ತಾರೆ ಎಂಬುದು ಕುತೂಹಲದ ಸಂಗತಿ. ಅವರಲ್ಲಿ ಸಂತೋಷವೂ ಇದೆ, ಸಿಟ್ಟೂ ಇದೆ. ರಾತ್ರಿ ಪಾಳಿಯಲ್ಲಿ ತಾವು ಮಾಡುವ ಕೆಲಸವನ್ನು ಹೆಂಡತಿ ಮಕ್ಕಳು ಒಮ್ಮೆಯಾದರೂ ಕಣ್ಣಾರೆ ಕಂಡರಲ್ಲ ಎಂಬುದು ಸಂತೋಷ. ಸಿಟ್ಟಿಗೆ ಕಾರಣಗಳು ಹಲವು. ಹೊರಟಾಗ ಒಂದು ಜಾತಿಯ ವಿಮಾನ, ಇಳಿಯುವಾಗ ಇನ್ನೊಂದು ಜಾತಿಯದು. ಸಂಕಲನಕಾರನಿಗೆ ಎರಡೂ ಒಂದೇ. ವಿಮಾನ ಸಂಚಾರ ನಿಯಂತ್ರಣ ಎಂದರೆ ಗಾಜಿನ ಗೋಪುರವೊಂದೇ ಎಂಬಂತೆ ತೋರಿಸುತ್ತಾರೆ. ವಾಸ್ತವವಾಗಿ ಹೀಥ್ರೂ ಕಡೆಗೆ ಬರುವ ವಿಮಾನಗಳನ್ನು ಸಾಲಾಗಿ ಜೋಡಿಸಿಕೊಡುವ ನಿಯಂತ್ರಕರು ಕುಳಿತಿರುವುದು ಎಂಬತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ಸ್ವಾನ್‌ವಿಕ್‌ನಲ್ಲಿ, ರಡಾರ್ ಪರದೆಗಳ ಮುಂದೆ. ಅವರಿಗೆ ಒಂದು ವಿಮಾನವೂ ಕಣ್ಣಿಗೆ ಕಾಣುವುದಿಲ್ಲ. ಅಂಥವರನ್ನು ತೋರಿಸಿದರೆ ಚಿತ್ರಕ್ಕೆ ಕಳೆಯಿಲ್ಲ.

ಇವೆಲ್ಲ ಸಣ್ಣ ದೂರುಗಳು. ಯಾವ ವೃತ್ತಿಯವರೂ ತಮ್ಮ ವೃತ್ತಿಯ ಚಿತ್ರ ನೋಡಿದಾಗ ಹೇಳುವಂಥವು. ಪೊಲೀಸರು ಸಿನಿಮಾ ಪೊಲೀಸರನ್ನು ಕಂಡು ನಗುವುದಿಲ್ಲವೆ? ಆದರೆ ಪೈಲಟ್‌ಗಳು ಮತ್ತು ನಿಯಂತ್ರಕರು ಮತ್ತೆ ಮತ್ತೆ ಎತ್ತುವ ಇನ್ನೊಂದು ದೂರಿದೆ. ಅದು ನನಗೆ ಬರಿಯ ತಾಂತ್ರಿಕ ತಕರಾರಾಗಿ ಕಾಣುವುದಿಲ್ಲ. ಅದು ‘ಗೋ-ಅರೌಂಡ್’ ಕುರಿತದ್ದು.

ಇಳಿಯಲು ಬಂದ ವಿಮಾನ ಇಳಿಯದೆ, ಎಂಜಿನ್‌ಗೆ ಪೂರ್ಣ ಶಕ್ತಿ ಕೊಟ್ಟು ಮತ್ತೆ ಮೇಲೇರಿ, ಒಂದು ಸುತ್ತು ಹಾಕಿ ಬಂದು ಇಳಿಯುವುದಕ್ಕೆ ಗೋ-ಅರೌಂಡ್ ಎನ್ನುತ್ತಾರೆ. ಮುಂದಿನ ವಿಮಾನ ರನ್‌ವೇ ಬಿಟ್ಟು ಹೋಗುವುದು ತಡವಾದರೆ ನಿಯಂತ್ರಕರೇ ಹಾಗೆ ಸೂಚಿಸುತ್ತಾರೆ. ಗಾಳಿ ದಿಕ್ಕು ಬದಲಿಸಿದರೆ ಪೈಲಟ್ ತಾನೇ ನಿರ್ಧರಿಸುತ್ತಾನೆ. ನೆಲದಿಂದ ಸಾವಿರ ಅಡಿ ಎತ್ತರಕ್ಕೆ, ಆಕಾಶ ತಿಳಿಯಾಗಿದ್ದರೆ ಐನೂರು ಅಡಿಗೆ, ಬರುವಷ್ಟರಲ್ಲಿ ವೇಗ, ಇಳಿಯುವ ಓಟ, ಚಕ್ರ, ರೆಕ್ಕೆಯ ಫ್ಲ್ಯಾಪ್ ಎಲ್ಲವೂ ಸರಿಹೊಂದಿರಬೇಕೆಂಬುದು ಸಾಮಾನ್ಯವಾಗಿ ಪಾಲಿಸುವ ನಿಯಮ. ಹೊಂದದಿದ್ದರೆ ಇಳಿಯುವಂತಿಲ್ಲ, ಮೇಲೇರಬೇಕು. ಪ್ರತಿ ಪೈಲಟ್ ಇದನ್ನು ಸಿಮ್ಯುಲೇಟರ್‌ನಲ್ಲಿ ಅಭ್ಯಾಸ ಮಾಡುತ್ತಲೇ ಇರುತ್ತಾನೆ. ಸಾವಿರ ವಿಮಾನಗಳು ಇಳಿಯಲು ಬಂದರೆ ಒಂದರಿಂದ ಮೂರು ಹೀಗೆ ಮೇಲೇರುವುದು ವಾಡಿಕೆ. ದಿನಕ್ಕೆ ಆರುನೂರಕ್ಕೂ ಹೆಚ್ಚು ವಿಮಾನಗಳು ಇಳಿಯುವ ಹೀಥ್ರೂವಿನಲ್ಲಿ ಇದು ದೈನಂದಿನ ವ್ಯವಹಾರ.

ಆದರೆ ಟಿವಿಯಲ್ಲಿ? ಸಂಗೀತ ಏರುತ್ತದೆ. ಪ್ರಯಾಣಿಕರ ಬಿಳಿಚಿದ ಮುಖಗಳು ಕಾಣುತ್ತವೆ. ಕೊನೆಯ ಗಳಿಗೆಯಲ್ಲಿ ಮಹಾ ವಿಪತ್ತು ತಪ್ಪಿತೆಂದು ನಿರೂಪಕ ಹೇಳುತ್ತಾನೆ, ಜಾಹೀರಾತು ಬರುತ್ತದೆ. ನಮ್ಮ ಕನ್ನಡ ಸುದ್ದಿವಾಹಿನಿಗಳೂ ಹಿಂದೆ ಬಿದ್ದಿಲ್ಲ. ಮಳೆಗಾಲದಲ್ಲಿ ಮಂಗಳೂರಿಗೆ ಬಂದ ವಿಮಾನವೊಂದು ಇಳಿಯದೆ ಮೇಲೇರಿದರೆ ‘ಕೂದಲೆಳೆ ಅಂತರದಲ್ಲಿ ತಪ್ಪಿದ ದುರಂತ’ ಎಂಬ ತಲೆಬರಹ ಸದಾ ಸಿದ್ಧ. ಅದೇ ಬಿರುಗಾಳಿಯಲ್ಲಿ ಅತ್ತಿತ್ತ ಹೊಯ್ದಾಡುತ್ತ, ಹೇಗೋ ನೆಲ ಮುಟ್ಟಿದ ವಿಮಾನಕ್ಕೆ ಮಾತ್ರ ಚಪ್ಪಾಳೆ. 2022ರ ಫೆಬ್ರವರಿ 18ರಂದು ‘ಯೂನಿಸ್’ ಬಿರುಗಾಳಿ ಬೀಸಿದಾಗ ಹೀಥ್ರೂವಿನಲ್ಲಿ ವಿಮಾನಗಳು ಇಳಿಯುವುದನ್ನು ಒಬ್ಬಾತ ಅಂತರ್ಜಾಲದಲ್ಲಿ ನೇರ ಪ್ರಸಾರ ಮಾಡಿದ. ಏಕಕಾಲಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಜನ ಅದನ್ನು ಕುಸ್ತಿ ಪಂದ್ಯದಂತೆ ನೋಡಿದರು.

ವೃತ್ತಿಯವರ ಆಕ್ಷೇಪ ಇಲ್ಲಿದೆ. ನಿಯಮದಂತೆ ನಡೆದವನ ಕೆಲಸವನ್ನು ಗಂಡಾಂತರವೆಂದು ತೋರಿಸುತ್ತೀರಿ, ನಿಯಮ ಮೀರಿಯೂ ಅದೃಷ್ಟದಿಂದ ಇಳಿದವನನ್ನು ಶೂರನೆಂದು ಕೊಂಡಾಡುತ್ತೀರಿ, ಎಂಬುದು ಅವರ ಮಾತಿನ ತಾತ್ಪರ್ಯ. ಧೈರ್ಯ ಎಂದರೇನು ಎಂಬ ಹಳೆಯ ನೈತಿಕ ಪ್ರಶ್ನೆ ಇದರೊಳಗಿದೆ. ಮುನ್ನುಗ್ಗುವುದು ಧೈರ್ಯವೊ, ಗುರಿ ಕಣ್ಣೆದುರೇ ಇರುವಾಗ ಹಿಂದಿರುಗುವುದು ಧೈರ್ಯವೊ?

ಇದು ಬರಿ ಮಾತಿನ ಪ್ರಶ್ನೆಯಲ್ಲ. ಫ್ಲೈಟ್ ಸೇಫ್ಟಿ ಫೌಂಡೇಷನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಈ ಬಗ್ಗೆ ಹಲವು ವರ್ಷ ಅಧ್ಯಯನ ನಡೆಸಿತು. ಸ್ಥಿರವಲ್ಲದ ಸ್ಥಿತಿಯಲ್ಲಿ ಇಳಿಯಲು ಬರುವ ವಿಮಾನಗಳಲ್ಲಿ ನೂರಕ್ಕೆ ಮೂರು ಮಾತ್ರ ಮತ್ತೆ ಮೇಲೇರುತ್ತವೆ, ತೊಂಬತ್ತೇಳು ಹಾಗೆಯೇ ಇಳಿಯುತ್ತವೆ ಎಂದು ಅದು ಕಂಡುಕೊಂಡಿತು. ಹೆಚ್ಚಿನವು ಕ್ಷೇಮವಾಗಿಯೇ ಇಳಿಯುತ್ತವೆ. ಸಮಸ್ಯೆ ಇರುವುದೂ ಅಲ್ಲಿಯೇ. ಪ್ರತಿ ಸಲ ಹಾಗೆ ಇಳಿದು ಬದುಕಿದಾಗಲೂ ‘ಇದು ನಡೆಯುತ್ತದೆ’ ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಇದನ್ನು ತಡೆಯಲು ಅನೇಕ ವಿಮಾನ ಸಂಸ್ಥೆಗಳು ಗೋ-ಅರೌಂಡ್ ಮಾಡಿದ ಪೈಲಟ್‌ಗೆ ಯಾವ ಶಿಕ್ಷೆಯೂ ಇಲ್ಲ ಎಂಬ ನೀತಿಯನ್ನು ಬರೆದಿಟ್ಟಿವೆ. ಹಿಂದಿರುಗುವುದಕ್ಕೆ ಶಿಕ್ಷೆಯಿಲ್ಲ ಎಂದು ಕಾಗದದ ಮೇಲೆ ಬರೆದಿಡಬೇಕಾಗಿ ಬಂತು ಎಂದರೆ, ಹಿಂದಿರುಗಲು ಮನುಷ್ಯ ಎಷ್ಟು ನಾಚುತ್ತಾನೆ ಎಂಬುದನ್ನು ಊಹಿಸಬಹುದು.

ಟಿವಿ ಸರಣಿ ವೈಭವದಿಂದ ತೋರಿಸುವ ದುಬೈ ನಿಲ್ದಾಣವು ನಮ್ಮ ಕರಾವಳಿಯವರಿಗೆ ಹೊಸದಲ್ಲ. 2014ರಲ್ಲಿ ಅದು ಅಂತರರಾಷ್ಟ್ರೀಯ ಪ್ರಯಾಣಿಕರ ಲೆಕ್ಕದಲ್ಲಿ ಹೀಥ್ರೂವನ್ನು ಹಿಂದೆ ಹಾಕಿತು. ಆ ಲೆಕ್ಕದಲ್ಲಿ ಭಟ್ಕಳ, ಉಡುಪಿ, ಮಂಗಳೂರು, ಕಾಸರಗೋಡಿನ ದುಡಿಯುವ ಜನರೂ ಇದ್ದಾರೆ. ಅದೇ ದುಬೈಯಿಂದ 2010ರ ಮೇ 22ರಂದು ನಡುರಾತ್ರಿ ಕಳೆದ ಮೇಲೆ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ವಿಮಾನವೊಂದು ಮಂಗಳೂರಿಗೆ ಹೊರಟಿತ್ತು. ಬೆಳಗ್ಗೆ ಆರರ ಸುಮಾರಿಗೆ ಬಜ್ಪೆಯಲ್ಲಿ ಬಿರುಗಾಳಿ ಇರಲಿಲ್ಲ, ಮಂಜೂ ಇರಲಿಲ್ಲ. ಆರು ಕಿಲೋಮೀಟರ್‌ವರೆಗೆ ಕಣ್ಣು ಹಾಯುತ್ತಿತ್ತು. ಟಿವಿಯವರಿಗೆ ಬೇಕಾದ ಯಾವ ರೋಚಕತೆಯೂ ಆ ಬೆಳಗಿನಲ್ಲಿ ಇರಲಿಲ್ಲ. ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಅದು ನೆಲ ಮುಟ್ಟಿತು; ಉಳಿದ ನೆಲ ಸಾಲದೆ ಕಣಿವೆಗೆ ಬಿತ್ತು. ಒಳಗಿದ್ದ 166 ಜನರಲ್ಲಿ 158 ಮಂದಿ ತೀರಿಕೊಂಡರು. ಎಂಟು ಜನ ಉಳಿದರು.

ತನಿಖಾ ನ್ಯಾಯಾಲಯದ ವರದಿ ಬಂದಾಗ ವಾಹಿನಿಗಳು ಹಿಡಿದುಕೊಂಡದ್ದು ಕ್ಯಾಪ್ಟನ್ ನಿದ್ರಿಸಿದ್ದ, ಗೊರಕೆ ದಾಖಲಾಗಿತ್ತು ಎಂಬ ಸಂಗತಿಯನ್ನು. ಅದು ಸುಳ್ಳಲ್ಲ. ಆದರೆ ವರದಿಯು ನೇರ ಕಾರಣವೆಂದು ಹೇಳಿದ್ದು ಬೇರೆ: ಸ್ಥಿರವಲ್ಲದ ಇಳಿಯುವಿಕೆಯನ್ನು ಕ್ಯಾಪ್ಟನ್ ಕೈಬಿಡಲಿಲ್ಲ. ಸಹ ಪೈಲಟ್ ಮೂರು ಸಲ ಗೋ-ಅರೌಂಡ್ ಎಂದು ಹೇಳಿದ್ದ. ಯಂತ್ರವೂ ಎಚ್ಚರಿಕೆ ಕೂಗುತ್ತಿತ್ತು. ಸಹ ಪೈಲಟ್ ಹೇಳಿದನೇ ಹೊರತು ನಿಯಂತ್ರಣವನ್ನು ತನ್ನ ಕೈಗೆ ತೆಗೆದುಕೊಳ್ಳಲಿಲ್ಲ. ಅವನಿಗೆ ಆ ಅಧಿಕಾರ ಇದೆಯೇ ಇಲ್ಲವೇ ಎಂಬ ಬಗ್ಗೆ ನಿಯಮಗಳಲ್ಲೇ ಗೊಂದಲವಿತ್ತು ಎಂದೂ ವರದಿ ಗುರುತಿಸಿತು. ಹತ್ತು ವರ್ಷಗಳ ನಂತರ, 2020ರ ಆಗಸ್ಟ್ 7ರಂದು, ಮತ್ತೆ ದುಬೈಯಿಂದ ಬಂದ ಅದೇ ಸಂಸ್ಥೆಯ ವಿಮಾನ ಮಳೆಯಲ್ಲಿ ಕೋಝಿಕ್ಕೋಡ್‌ನ ರನ್‌ವೇ ದಾಟಿ ಕೆಳಗೆ ಬಿದ್ದು 21 ಮಂದಿ ಸತ್ತರು. ಅಲ್ಲಿಯೂ ಸಹ ಪೈಲಟ್ ಗೋ-ಅರೌಂಡ್ ಎಂದಿದ್ದ. ಅಲ್ಲಿಯೂ ಅದು ನಡೆಯಲಿಲ್ಲ. ಮರುದಿನ ಬೆಳಗಿನ ವಿಮಾನ ನಡೆಸಲು ಅದೇ ಊರಿಗೆ ತಲಪಬೇಕೆಂಬ ಹಂಬಲವೂ ಕ್ಯಾಪ್ಟನ್‌ನ ತೀರ್ಮಾನದ ಹಿಂದೆ ಇತ್ತೆಂದು ತನಿಖೆ ಹೇಳಿತು.

ಸತ್ತವರನ್ನು ದೂಷಿಸಲು ನಾನಿದನ್ನು ಬರೆಯುತ್ತಿಲ್ಲ. ಅವರೂ ಮನೆಗೆ ಮರಳಬೇಕಾಗಿದ್ದವರೇ. ನನ್ನ ಪ್ರಶ್ನೆ ಇರುವುದು ಹಿಂದಿರುಗುವುದನ್ನು ಸೋಲೆಂದು ಕಲಿಸುವ ನಮ್ಮ ಸಂಸ್ಕಾರದ ಬಗ್ಗೆ. ಛಲವೆಂಬುದು ನಮ್ಮ ಭಾಷೆಯಲ್ಲಿ ಹೊಗಳಿಕೆಯ ಮಾತು. ನಮ್ಮ ಆದಿಕವಿಗಳು ದುರ್ಯೋಧನನಲ್ಲೂ ಮೆಚ್ಚಿದ್ದು ಛಲವನ್ನೇ. ಆದರೆ ಆ ಛಲಕ್ಕೆ ಬೆಲೆ ತೆತ್ತದ್ದು ದುರ್ಯೋಧನನೊಬ್ಬನೇ ಅಲ್ಲವಲ್ಲ. ಹಿಂದೆ ನೂರಾರು ಜನರನ್ನು ಕೂರಿಸಿಕೊಂಡವನ ಛಲ ಅವನ ಸ್ವಂತ ಆಸ್ತಿಯಾಗಿ ಉಳಿಯುವುದಿಲ್ಲ. ಅವನ ಕೈಯಲ್ಲಿರುವುದು ಅಮಾನತ್ತು, ಪರರು ನಂಬಿ ಒಪ್ಪಿಸಿದ ಸೊತ್ತು.

ಇಸ್ಲಾಮಿನಲ್ಲಿ ಪಶ್ಚಾತ್ತಾಪಕ್ಕೆ ಬಳಸುವ ‘ತೌಬಾ’ ಎಂಬ ಪದದ ಮೂಲ ಅರ್ಥವೇ ಹಿಂದಿರುಗುವುದು. ಬೆಳಗ್ಗೆ ದಾರಿ ತಪ್ಪಿದವನು ಸಂಜೆ ಮನೆಗೆ ಬಂದರೆ ಅವನನ್ನು ದಾರಿ ತಪ್ಪಿದವನು ಎನ್ನುವುದಿಲ್ಲ ಎಂದು ಉರ್ದುವಿನಲ್ಲಿ ಗಾದೆಯಿದೆ. ಆದರೆ ಗಾದೆಯನ್ನು ಹೇಳುವುದು ಸುಲಭ. ಹಿಂದಿರುಗು ಎಂದು ದೊಡ್ಡವರಿಗೆ ಹೇಳುವುದು, ಅದನ್ನು ದೊಡ್ಡವರು ಕೇಳುವುದು ಕಷ್ಟ. ಇದಕ್ಕೊಂದು ಅಭ್ಯಾಸ ಬೇಕು. ಸಾಮೂಹಿಕ ನಮಾಝಿನಲ್ಲಿ ಆ ಅಭ್ಯಾಸವಿದೆ. ಇಮಾಮರು ರಕಅತ್‌ಗಳ ಲೆಕ್ಕ ತಪ್ಪಿದರೆ ಹಿಂದೆ ನಿಂತ ಯಾರೇ ಆದರೂ, ಕೂಲಿ ಮಾಡುವವನಾದರೂ ಸರಿ, ‘ಸುಬ್‌ಹಾನಲ್ಲಾಹ್’ ಎಂದು ದನಿಯೆತ್ತಿ ಎಚ್ಚರಿಸುತ್ತಾನೆ. ಇಮಾಮರು ತಿದ್ದಿಕೊಂಡು, ಮರೆವಿಗಾಗಿ ಎರಡು ಸಜ್ದಾ ಮಾಡಿ ನಮಾಝ್ ಮುಗಿಸುತ್ತಾರೆ. ಯಾರಿಗೂ ಅವಮಾನವಾಗುವುದಿಲ್ಲ.

ಹದೀಸ್‌ನಲ್ಲಿ ಬರುವ ಒಂದು ಪ್ರಸಂಗ ಇನ್ನೂ ಅರ್ಥಪೂರ್ಣವಾದುದು. ಒಮ್ಮೆ ಪ್ರವಾದಿಯವರು (ಸ) ನಾಲ್ಕು ರಕಅತ್‌ಗಳ ನಮಾಝನ್ನು ಎರಡಕ್ಕೇ ಮುಗಿಸಿಬಿಟ್ಟರು. ಹಿಂದೆ ಅಬೂಬಕರ್, ಉಮರ್ ಅವರಂಥ ಹಿರಿಯರಿದ್ದರು; ಗೌರವದ ಅಳುಕಿನಿಂದ ಅವರು ಬಾಯಿ ತೆರೆಯಲಿಲ್ಲ. ಉದ್ದ ಕೈಗಳ ಕಾರಣಕ್ಕೆ ‘ಝುಲ್‌ಯದೈನ್’ ಎಂದು ಕರೆಯಲ್ಪಡುತ್ತಿದ್ದ ಒಬ್ಬ ವ್ಯಕ್ತಿ ಎದ್ದು, ನಮಾಝೇ ಮೊಟಕಾಯಿತೊ ಅಥವಾ ತಾವು ಮರೆತಿರೊ ಎಂದು ಕೇಳಿದ. ಪ್ರವಾದಿಯವರು ಸಿಟ್ಟಾಗಲಿಲ್ಲ. ಉಳಿದವರನ್ನು ವಿಚಾರಿಸಿದರು, ಹೌದೆಂದ ಮೇಲೆ ಬಾಕಿ ಉಳಿದಿದ್ದನ್ನು ಪೂರೈಸಿದರು. ವಿಮಾನಯಾನ ಈ ಪಾಠವನ್ನು ಕಲಿತದ್ದು ಹೆಣಗಳನ್ನು ಎಣಿಸಿ. 1977ರಲ್ಲಿ ಟೆನೆರಿಫೆಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತಾಗ, ಎದುರಿನ ವಿಮಾನ ರನ್‌ವೇ ಬಿಟ್ಟಿದೆಯೆ ಎಂದು ಎಂಜಿನಿಯರ್ ಕೇಳಿದ್ದ. ಹಿರಿಯ ಕ್ಯಾಪ್ಟನ್ ಆ ಸಂಶಯವನ್ನು ತಳ್ಳಿಹಾಕಿದ್ದ. 1979ರಲ್ಲಿ ನಾಸಾ ಸಂಸ್ಥೆ ನಡೆಸಿದ ಕಾರ್ಯಾಗಾರದ ನಂತರವೇ, ಕಿರಿಯರು ಹೇಳಬೇಕು, ಹಿರಿಯರು ಕೇಳಬೇಕು ಎಂಬುದು ಪೈಲಟ್‌ಗಳ ತರಬೇತಿಯ ಭಾಗವಾಗುತ್ತ ಬಂದದ್ದು.

ಕಥೆ ಬರೆಯುವ ನನ್ನಂಥವನಿಗೆ ಟಿವಿಯವರ ಕಷ್ಟ ಅರ್ಥವಾಗದೆ ಇಲ್ಲ. ಏನೂ ನಡೆಯದ ದಿನದ ಬಗ್ಗೆ ಕಥೆ ಹೇಳುವುದು ಹೇಗೆ? ವಿಮಾನ ಸರಿಯಾಗಿ ಇಳಿಯಿತು, ಎಲ್ಲರೂ ಪೆಟ್ಟಿಗೆ ಎತ್ತಿಕೊಂಡು ಮನೆಗೆ ಹೋದರು ಎಂದರೆ ಯಾರು ನೋಡುತ್ತಾರೆ? ಆದರೂ ಇಲ್ಲಿ ಕಥೆ ಇಲ್ಲವೆಂದಲ್ಲ. ಎರಡು ನೂರು ಜನ ಇಳಿಯಲು ಕಾತರಿಸಿರುವಾಗ, ಇಂಧನದ ಖರ್ಚು, ಸಂಸ್ಥೆಯ ವೇಳಾಪಟ್ಟಿ, ತನ್ನದೇ ದಣಿವು ಎಲ್ಲವೂ ‘ಇಳಿಸಿಬಿಡು’ ಎನ್ನುತ್ತಿರುವಾಗ, ಕಿರಿಯನೊಬ್ಬನ ಒಂದು ಮಾತಿಗೆ ಹಿರಿಯನು ಕೈಯಲ್ಲಿದ್ದ ಗುರಿಯನ್ನು ಬಿಟ್ಟುಕೊಡುತ್ತಾನಲ್ಲ, ಅದಕ್ಕಿಂತ ದೊಡ್ಡ ಘಟನೆ ಯಾವುದು? ಅದನ್ನು ತೋರಿಸಿ ಎಂಬುದಷ್ಟೇ ವೃತ್ತಿಯವರ ಬೇಡಿಕೆ. ಅದು ಸಂಗೀತ ಹಾಕಿ ಹೆದರಿಸುವುದಕ್ಕಿಂತ ಕಷ್ಟ, ಆದರೆ ಅಸಾಧ್ಯವಲ್ಲ.

ನೋಡುಗರಾದ ನಮ್ಮ ಮೇಲೂ ಒಂದು ಹೊಣೆಯಿದೆ. ಮಂಗಳೂರಿಗೆ ಬರಬೇಕಾದ ವಿಮಾನ ಹವಾಮಾನ ಸರಿಯಿಲ್ಲವೆಂದು ಬೆಂಗಳೂರಿಗೋ ಕಣ್ಣೂರಿಗೋ ತಿರುಗಿದಾಗ, ಒಳಗಿದ್ದವರು ಗಗನಸಖಿಯರ ಮೇಲೆ ರೇಗುತ್ತಾರೆ. ಹೊರಗೆ ಕಾಯುತ್ತಿರುವವರು ಫೋನಿನಲ್ಲಿ ಶಪಿಸುತ್ತಾರೆ. ಮದುವೆ ಇರುತ್ತದೆ, ಮಯ್ಯಿತ್ತು ಇರುತ್ತದೆ, ರಜೆಯ ದಿನಗಳು ಕಡಿಮೆ ಇರುತ್ತವೆ; ಅವರ ಸಂಕಟ ಸುಳ್ಳಲ್ಲ. ಆದರೆ ಆ ರೇಗಾಟ ಮುಂದಿನ ಪೈಲಟ್‌ನ ಕಿವಿಗೂ ಬೀಳುತ್ತದೆ. ಅಂಥ ಹೊತ್ತಿನಲ್ಲಿ ‘ಇಳಿಸದೆ ತಿರುಗಿಸಿದ್ದು ಒಳ್ಳೆಯದಾಯಿತು’ ಎಂದು ಒಬ್ಬರಾದರೂ ಗಟ್ಟಿಯಾಗಿ ಹೇಳುವುದು ಒಳ್ಳೆಯದು.