ಸಮೀಪಿಸುವುದೂ ಸೇರುವುದೂ

ಧರ್ಮಮಾರ್ಗದಲ್ಲಿ ನಡೆಯಬೇಕೆಂದು ಹೊರಟವನಿಗೆ ಅಡ್ಡಬರುವ ಸಂಶಯಗಳಲ್ಲಿ ಮೊದಲನೆಯದು ಇದು: ಪೂರ್ಣವಾಗಿ ಸತ್ಯವಂತನಾಗುವುದಾಗಲಿ, ಪೂರ್ಣವಾಗಿ ಕೋಪವನ್ನು ಗೆಲ್ಲುವುದಾಗಲಿ ಮನುಷ್ಯನಿಂದ ಆಗತಕ್ಕ ಕಾರ್ಯವಲ್ಲ, ಎಂದಿಗೂ ಸೇರಲಾಗದ ಊರಿಗೆ ದಾರಿ ಹಿಡಿದು ಫಲವೇನು? ಹೀಗೆ ಕೇಳುವವರೆಲ್ಲರೂ ಸೋಮಾರಿಗಳೆಂದು ಹೇಳಲಾಗದು. ಬಹುಕಾಲ ಪ್ರಯತ್ನಪಟ್ಟು ಬಳಲಿದವರೂ ಇದನ್ನೇ ಕೇಳುತ್ತಾರೆ. ಇದಕ್ಕೆ ನೀತಿಗ್ರಂಥಗಳು ಕೊಡುವ ಸಮಾಧಾನವು ಪ್ರಸಿದ್ಧವೇ ಆಗಿದೆ. ಆದರೆ ಕಾಲೇಜಿನ ಬಾಲಕರು ಕಲನಗಣಿತದ ಮೊದಲ ಪಾಠಗಳಲ್ಲಿ ಓದುವ ಪರಿಮಿತಿ, ಅವಿಚ್ಛಿನ್ನತೆ ಎಂಬ ಎರಡು ಕಲ್ಪನೆಗಳಲ್ಲಿಯೂ ಇದಕ್ಕೊಂದು ಉತ್ತರವುಂಟು.

ಪರಿಮಿತಿಯೆಂಬುದು ಪಶ್ಚಿಮದವರಿಂದಲೇ ಬಂದ ವಿಷಯವೆಂದು ತಿಳಿಯಬೇಕಾಗಿಲ್ಲ. ಕೇರಳದ ನೀಲಕಂಠ ಸೋಮಯಾಜಿಗಳು ತಮ್ಮ ಆರ್ಯಭಟೀಯಭಾಷ್ಯದಲ್ಲಿ ಒಂದು ಶ್ರೇಢಿಯನ್ನು ವಿಚಾರಮಾಡಿದ್ದಾರೆ. ಕಾಲು ಭಾಗಕ್ಕೆ ಅದರ ಕಾಲನ್ನು ಕೂಡಿಸಿ, ಅದಕ್ಕೆ ಅದರ ಕಾಲನ್ನು ಕೂಡಿಸುತ್ತ ಹೋದರೆ ಮೊತ್ತವು 1/4, 5/16, 21/64 ಎಂದು ಬೆಳೆಯುತ್ತದೆ. ಕೂಡಿಸುವುದು ಮುಗಿಯುವುದೇ ಇಲ್ಲ. ಆದರೂ ಮೊತ್ತವು 1/3 ಎಂಬ ಎಲ್ಲೆಯನ್ನು ಮೀರುವುದಿಲ್ಲ. ಅಷ್ಟಕ್ಕೇ ಬೆಳೆಯುವುದು ಹೇಗೆ ಎಂಬುದೇ ಅವರ ಪ್ರಶ್ನೆ. ಕೊರತೆಯನ್ನು ಲೆಕ್ಕಹಾಕಿದರೆ ಮೊದಲು 1/12, ಬಳಿಕ 1/48, ಬಳಿಕ 1/192. ಪ್ರತಿ ಹೆಜ್ಜೆಗೂ ಅದು ನಾಲ್ಕನೆಯ ಒಂದು ಪಾಲಾಗುತ್ತದೆ. ಪರೀಕ್ಷಕನೊಬ್ಬನು ‘ಕೊರತೆಯು ಸಾವಿರದ ಒಂದು ಭಾಗಕ್ಕಿಂತ ಕಡಿಮೆಯಾಗಲಿ’ ಎಂದು ಪಣವೊಡ್ಡಿದರೆ, ಐದನೆಯ ಹೆಜ್ಜೆಯಿಂದ ಆಚೆಗೆ ಅದು ಸದಾ ಹಾಗೆಯೇ ಇರುತ್ತದೆ. ಅವನು ಪಣವನ್ನು ಎಷ್ಟು ಬಿಗಿಮಾಡಿದರೂ ಅದಕ್ಕೆ ತಕ್ಕ ಹೆಜ್ಜೆಯೊಂದು ಇದ್ದೇ ಇರುವುದು. ಯಾವ ಹೆಜ್ಜೆಯೂ 1/3ನ್ನು ಮುಟ್ಟದು. ಆದರೂ 1/3 ಎಂಬುದು ನಿಶ್ಚಿತ. ಆದಕಾರಣ ಸೇರಲಿಲ್ಲವೆಂಬುದರಿಂದ ಗುರಿ ಸುಳ್ಳಾಗುವುದಿಲ್ಲ, ನಡೆದದ್ದು ವ್ಯರ್ಥವೂ ಆಗುವುದಿಲ್ಲ.

ಇಷ್ಟರಿಂದ ಸಮಾಧಾನಗೊಂಡವನಿಗೆ ಎರಡನೆಯ ಅಪಾಯವೊಂದು ಕಾದಿರುತ್ತದೆ. ‘ಪೂರ್ಣತೆಯನ್ನು ಸೇರದಿದ್ದರೇನು, ದಿನದಿನಕ್ಕೂ ಹತ್ತಿರವಾಗುತ್ತಿದ್ದೇನೆ’ ಎಂಬ ತೃಪ್ತಿಯೇ ಅದು. ಒಂದನ್ನು 2, 10, 100, 1000ಗಳಿಂದ ಭಾಗಿಸುತ್ತ ಹೋಗಿ ಅದರ ಚಿತ್ರವನ್ನು ಬರೆದರೆ, ವಕ್ರರೇಖೆಯು ತಳದ ಗೆರೆಯತ್ತ ಇಳಿಯುತ್ತಲೇ ಹೋಗುತ್ತದೆ, ಆದರೆ ಮುಟ್ಟುವುದಿಲ್ಲ. ಇಂಥ ಗೆರೆಗೆ ಅನಂತಸ್ಪರ್ಶಿಯೆಂದು ಹೆಸರು. ಈಗ ಪ್ರತಿಯೊಂದು ಬೆಲೆಗೂ ಒಂದನ್ನು ಕೂಡಿಸಿದರೆ 1.5, 1.1, 1.01, 1.001 ಎಂದಾಗುವುದು. ಇದೂ ಹೆಜ್ಜೆಹೆಜ್ಜೆಗೆ ತಳಕ್ಕೆ ಹತ್ತಿರವಾಗುತ್ತಲೇ ಇದೆ. ಆದರೂ ಒಂದರಷ್ಟು ಅಂತರವು ಎಂದಿಗೂ ಹೋಗದು. ಇದರ ಪರಿಮಿತಿ ಸೊನ್ನೆಯಲ್ಲ, ಒಂದು. ಗೃಹಸ್ಥನೊಬ್ಬನು ತಮ್ಮನ ಪಾಲಿನ ಜಮೀನನ್ನು ತನ್ನಲ್ಲಿಯೇ ಇಟ್ಟುಕೊಂಡು, ವರ್ಷವರ್ಷಕ್ಕೂ ದಾನಧರ್ಮಗಳನ್ನು ಹೆಚ್ಚಿಸುತ್ತಿರುವನೆಂದು ಭಾವಿಸಬಹುದು. ಅವನು ಕಳೆದ ವರ್ಷಕ್ಕಿಂತ ಈ ವರ್ಷ ಉತ್ತಮನೆಂಬುದು ನಿಜ. ಆದರೆ ಆ ಜಮೀನಿನಷ್ಟು ಅಂತರವು ಅವನ ಎಲ್ಲ ದಾನಗಳಿಂದಲೂ ಕರಗುವುದಿಲ್ಲ. ಹತ್ತಿರವಾಗುತ್ತಿದ್ದೇನೆಯೇ ಎಂದು ಕೇಳಿಕೊಂಡರೆ ಸಾಲದು. ಕರಗದೆ ಉಳಿದಿರುವುದು ಯಾವುದು ಎಂದು ಕೇಳಿಕೊಳ್ಳಬೇಕು.

ಮೂರನೆಯ ನೆಪವು ಇನ್ನೂ ಸಾಮಾನ್ಯವಾದದ್ದು. ಬಾಯಿಂದ ಕಠೋರವಾದ ಮಾತು ಬಿದ್ದ ಮೇಲೆ ‘ಹಠಾತ್ತಾಗಿ ಬಂದುಬಿಟ್ಟಿತು, ಏನು ಮಾಡಲಿ’ ಎನ್ನುತ್ತಾರೆ. ಇದನ್ನು ವಿಚಾರಮಾಡುವುದಕ್ಕೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಜಲಾಶಯವು ಒಳ್ಳೆಯ ನಿದರ್ಶನ. ಶಿಂಷಾ ನದಿಗೆ ಅಡ್ಡಲಾಗಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಈ ಅಣೆಕಟ್ಟಿನ ವಿಶೇಷವೆಂದರೆ ಅದರ ಸೈಫನ್ನುಗಳು. ಅವುಗಳಿಗೆ ಬಾಗಿಲನ್ನೆತ್ತುವ ಆಳು ಬೇಕಾಗಿಲ್ಲ. ಮಳೆಗಾಲದಲ್ಲಿ ನೀರು ಬೆರಳು ಬೆರಳಾಗಿ ಏರುತ್ತದೆ. ಹೊರಗೆ ಏನೂ ಕಾಣದು. ಗೊತ್ತಾದ ಮಟ್ಟವನ್ನು ಮೀರಿದೊಡನೆ ತಾನೇ ತಾನಾಗಿ ಪ್ರವಾಹವು ಭೋರ್ಗರೆದು ಹೊರಡುತ್ತದೆ. ನೋಡುವವನಿಗೆ ಸೊನ್ನೆಯಿಂದ ಪ್ರವಾಹಕ್ಕೆ ಒಂದೇ ನೆಗೆತವೆಂದು ತೋರುತ್ತದೆ.

ವಾಸ್ತವವಾಗಿ ಅದು ನೆಗೆತವಲ್ಲ. ಮೊದಲು ತೆಳುವಾದ ನೀರಿನ ಪದರವೊಂದು ಸೈಫನ್ನಿನ ಒಳದಿಬ್ಬವನ್ನು ದಾಟುತ್ತದೆ. ಅದು ಒಳಗಿನ ಗಾಳಿಯನ್ನು ಸ್ವಲ್ಪಸ್ವಲ್ಪವಾಗಿ ಸೆಳೆದೊಯ್ಯುತ್ತದೆ. ಗಾಳಿಯೆಲ್ಲ ಹೋದ ಮೇಲೆ ಪೂರ್ಣಪ್ರವಾಹ. ಕಾರಣದಲ್ಲಿ ಸಾಕಷ್ಟು ಸಣ್ಣ ವ್ಯತ್ಯಾಸವಾದರೆ ಕಾರ್ಯದಲ್ಲಿಯೂ ಬೇಕಾದಷ್ಟು ಸಣ್ಣ ವ್ಯತ್ಯಾಸವೇ ಆಗುವುದೆಂಬುದು ಅವಿಚ್ಛಿನ್ನತೆಯ ಲಕ್ಷಣ. ಕಾಲಕ್ರಮದಲ್ಲಿ ನೋಡಿದರೆ ಈ ಹೊರಹರಿವು ಅವಿಚ್ಛಿನ್ನವೇ. ಆದರೆ ಅಲ್ಲಿ ರೇಖೆಯು ಬಹಳ ಕಡಿದಾಗಿದೆ. ಕಡಿದಾದ ಕಡೆಯಲ್ಲಿ ಕ್ಷಣವನ್ನು ಬಹು ಸಣ್ಣದಾಗಿ ಒಡೆದು ನೋಡದ ಹೊರತು ನಡುವಿನ ಹೆಜ್ಜೆಗಳು ಕಾಣವು.

ಕೋಪವೂ ಹೀಗೆಯೇ. ಕಠೋರವಾದ ಮಾತಿಗೆ ಮುಂಚೆ ದನಿ ಬದಲಾಗಿರುತ್ತದೆ. ಅದಕ್ಕೂ ಮುಂಚೆ ಎದುರಿಗಿರುವವನ ಮಾತನ್ನು ಕೇಳುವುದು ನಿಂತಿರುತ್ತದೆ. ತೆಳುವಾದ ನೀರು ದಾಟುವ ಆ ಘಳಿಗೆಯಲ್ಲಿ ತಡೆಯುವುದು ಸುಲಭ. ಸೈಫನ್ನು ಒಮ್ಮೆ ತುಂಬಿ ಹರಿಯತೊಡಗಿದರೆ ಒಳಗೆ ಮತ್ತೆ ಗಾಳಿ ಹೊಗುವವರೆಗೂ ನಿಲ್ಲದು. ತನ್ನ ಸ್ವಭಾವವು ಎಲ್ಲಿ ಕಡಿದಾಗಿದೆಯೆಂದು ಬಲ್ಲವನು ಅಲ್ಲಿ ಹೆಚ್ಚು ಎಚ್ಚರದಿಂದಿರಬೇಕು. ‘ಹಠಾತ್ತಾಗಿ’ ಎಂಬ ಮಾತು ಆ ಎಚ್ಚರದ ಅಭಾವಕ್ಕೆ ಇಟ್ಟ ಹೆಸರು.

ಪೂರ್ಣತೆಯನ್ನು ಸೇರುವುದು ಮನುಷ್ಯನ ಕೈಯಲ್ಲಿಲ್ಲದಿರಬಹುದು. ಆದರೆ ತಮ್ಮನ ಜಮೀನನ್ನು ಹಿಂದಿರುಗಿಸುವುದೂ, ದನಿ ಬದಲಾದಾಗ ಮಾತನ್ನು ನಿಲ್ಲಿಸುವುದೂ ಅವನ ಕೈಯಲ್ಲಿಯೇ ಇವೆ. ಅಷ್ಟನ್ನು ಮಾಡದವನು ‘ಸೇರಲಾಗದ ಊರಿಗೆ ದಾರಿಯೇಕೆ’ ಎಂದು ಕೇಳಿದರೆ, ಆ ಪ್ರಶ್ನೆಯನ್ನು ಕೇಳುವ ಅಧಿಕಾರವೇ ಅವನಿಗೆ ಇನ್ನೂ ಬಂದಿಲ್ಲವೆಂದು ಹೇಳಬೇಕಾಗುತ್ತದೆ.