ಅಕ್ಕಸಾಲಿಗನ ಅಂಗಡಿಯ ಧೂಳು ಯಾರದು?

ಕಳೆದ ರಜೆಯಲ್ಲಿ ರಾಯಚೂರಿನ ಅಕ್ಕನ ಮನೆಗೆ ಹೋಗಿದ್ದೆ. ಮಗ್ರಿಬ್ ನಮಾಝ್ ಮುಗಿಸಿ ಬಂದಾಗ ಅಕ್ಕನ ಮಗ ಟಿ.ವಿ. ಮುಂದೆ ಕುಳಿತಿದ್ದ. ಡಿಸ್ಕವರಿ ಚಾನೆಲ್‌ನಲ್ಲಿ 2010ರಲ್ಲಿ ಆರಂಭವಾದ ‘ಗೋಲ್ಡ್ ರಶ್’ ಎಂಬ ಕಾರ್ಯಕ್ರಮ ಬರುತ್ತಿತ್ತು. ಅಲಾಸ್ಕ, ಕ್ಲಾಂಡೈಕ್ ಮುಂತಾದ ಚಳಿನಾಡುಗಳಲ್ಲಿ ಕೆಲವರು ದೊಡ್ಡ ಯಂತ್ರಗಳಿಂದ ಮಣ್ಣು ಅಗೆದು ತೊಳೆಯುತ್ತಾರೆ. ಕೊನೆಗೆ ಸಿಕ್ಕಿದ ಚಿನ್ನವನ್ನು ತೂಗುತ್ತಾರೆ. ತೂಕ ಏರಿದಂತೆ ಅವರ ಮುಖ ಅರಳುತ್ತದೆ, ನೋಡುವವರ ಮುಖವೂ ಅರಳುತ್ತದೆ. ‘ಸ್ಟೋರೇಜ್ ವಾರ್ಸ್’ ಎಂಬ ಇನ್ನೊಂದು ಕಾರ್ಯಕ್ರಮದಲ್ಲಿ, ಬಾಡಿಗೆ ಕಟ್ಟಲಾಗದವರ ಗೋದಾಮುಗಳನ್ನು ಹರಾಜಿನಲ್ಲಿ ಹಿಡಿದು ಒಳಗಿನ ಮಾಲನ್ನು ಕೆದಕುತ್ತಾರೆ. ಆ ಬಾಡಿಗೆ ಕಟ್ಟಲಾಗದವನು ಯಾರು, ಅವನ ಮನೆಯಲ್ಲಿ ಏನಾಗಿತ್ತು ಎಂಬುದು ಆ ಆಟದ ವಿಷಯವೇ ಅಲ್ಲ.

“ಮಾಮೂ, ನಮ್ಮ ಕಡೆ ಹೀಗೆ ಚಿನ್ನ ಸಿಗೋದಿಲ್ಲವಾ?” ಎಂದು ಹುಡುಗ ಕೇಳಿದ.

ನಗು ಬಂತು. ಅವನು ಹುಟ್ಟಿದ್ದೇ ಚಿನ್ನದ ನಾಡಿನಲ್ಲಿ. ಹಟ್ಟಿಯಲ್ಲಿ ಪ್ರಾಚೀನರು ತೋಡಿದ ಗಣಿಯ ಗುರುತುಗಳಿವೆ. ಮಸ್ಕಿಯ ಅಶೋಕ ಶಾಸನವನ್ನು 1915ರಲ್ಲಿ ಕಂಡುಹಿಡಿದವನೂ ಚಿನ್ನದ ಗಣಿಯ ಇಂಜಿನಿಯರನೇ. ನಿಜಾಮರ ಕಾಲದಲ್ಲಿ, 1947ರಲ್ಲಿ ಆರಂಭವಾದ ಕಂಪೆನಿ 1972ರಲ್ಲಿ ಹಟ್ಟಿ ಚಿನ್ನದ ಗಣಿ ಎಂಬ ಹೆಸರು ಪಡೆಯಿತು. ದೇವದುರ್ಗ ತಾಲೂಕಿನ ಊಟಿಯಲ್ಲೂ ಅದೇ ಕಂಪೆನಿ ಅದಿರು ತೆಗೆದಿದೆ. ಒಂದು ಟನ್ ಕಲ್ಲನ್ನು ಪುಡಿ ಮಾಡಿದರೆ ಕೈಗೆ ಬರುವುದು ಕೆಲವೇ ಗ್ರಾಂ.

ಆದರೆ ಗಣಿಗೆ ಹೋಗದೆಯೇ ಚಿನ್ನ ಹುಡುಕುವವರು ನಮ್ಮ ನಡುವೆ ಇದ್ದಾರೆ. ಅಕ್ಕಸಾಲಿಗರ ಓಣಿಯಲ್ಲಿ ಕಸ ಗುಡಿಸಿ, ಚರಂಡಿಯ ಕೆಸರು ಎತ್ತಿ, ಅದನ್ನು ತೊಳೆದು ಬದುಕುವವರು. ಕನ್ನಡದಲ್ಲಿ ಅವರಿಗೆ ಜಲಗಾರ ಎಂಬ ಹಳೆಯ ಹೆಸರಿದೆ. ಉರ್ದುವಿನಲ್ಲಿ ನ್ಯಾರಿಯಾ ಎನ್ನುತ್ತಾರೆ. ಗುಜರಾತ್, ಮಹಾರಾಷ್ಟ್ರಗಳಲ್ಲಿ ಧೂಳ್‌ಧೋಯಾ ಎಂಬ ಮುಸ್ಲಿಮ್ ಸಮುದಾಯದ ಹೆಸರೇ ಈ ಕಸುಬಿನಿಂದ ಬಂದದ್ದು. ಚಿನ್ನವು ನೀರಿಗಿಂತ ಹತ್ತೊಂಬತ್ತು ಪಟ್ಟು ಭಾರ, ಮರಳು ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಬಾಣಲೆಯಲ್ಲಿ ನೀರು ಹಾಕಿ ಅಲುಗಾಡಿಸಿದರೆ ಮಣ್ಣು ಹರಿದುಹೋಗಿ ಚಿನ್ನದ ಕಣ ತಳದಲ್ಲಿ ಉಳಿಯುತ್ತದೆ. ಅದಕ್ಕೆ ಪಾದರಸ ಸೇರಿಸಿ ಉಂಡೆ ಮಾಡಿ ಸುಡುತ್ತಾರೆ. ಪಾದರಸ ಹೊಗೆಯಾಗಿ ಹೋಗುತ್ತದೆ, ಸುಡುವವನ ಶ್ವಾಸಕೋಶಕ್ಕೂ ಹೋಗುತ್ತದೆ. ಟಿ.ವಿ.ಯವರು ಇವರ ಬೆನ್ನು ಹತ್ತಿದ್ದನ್ನು ನಾನಂತೂ ಕಂಡಿಲ್ಲ.

ಇದನ್ನೆಲ್ಲ ಹುಡುಗನಿಗೆ ಹೇಳುತ್ತಿದ್ದಾಗ ಭಾವ ಬಂದರು. ಅವರು ಆಭರಣಗಳಿಗೆ ಪಾಲಿಶ್ ಹಾಕುವ ಕಸುಬಿನವರು. ಅವರ ಕೋಣೆಯ ಧೂಳನ್ನೂ ಹಳೆಯ ಬ್ರಶ್ಶುಗಳನ್ನೂ ವರ್ಷಕ್ಕೊಮ್ಮೆ ಒಬ್ಬ ಬಂದು ಹಣ ಕೊಟ್ಟು ಒಯ್ಯುತ್ತಾನೆ. ಹುಡುಗ ತಟ್ಟನೆ ಕೇಳಿಬಿಟ್ಟ: “ಅಬ್ಬಾ, ಆ ಚಿನ್ನ ಯಾರದು?”

ಮದ್ರಸದಲ್ಲಿ ಕಲಿತ ನನಗೆ ಉತ್ತರ ಗೊತ್ತಿತ್ತು, ಆದರೆ ಭಾವನ ಎದುರು ನಾಲಿಗೆ ಏಳಲಿಲ್ಲ. ಜಮೀನು ಕೊಂಡವನೊಬ್ಬನಿಗೆ ಅದರಲ್ಲಿ ಚಿನ್ನದ ಗಡಿಗೆ ಸಿಕ್ಕಿದ ಪ್ರಸಂಗ ಬುಖಾರಿಯಲ್ಲಿದೆ. ನಾನು ಕೊಂಡದ್ದು ನೆಲವನ್ನು, ಚಿನ್ನವನ್ನಲ್ಲ ಎಂದು ಅವನು. ನಾನು ಮಾರಿದ್ದು ನೆಲವನ್ನು ಅದರೊಳಗಿದ್ದುದರ ಸಮೇತ ಎಂದು ಮಾರಿದವನು. ಇಬ್ಬರೂ ಬೇಡವೆನ್ನುವ ಜಗಳ ಅದು. ಒಬ್ಬನ ಮಗನಿಗೂ ಇನ್ನೊಬ್ಬನ ಮಗಳಿಗೂ ಮದುವೆ ಮಾಡಿಸಿ, ಅವರಿಗಾಗಿ ಖರ್ಚು ಮಾಡಿ ದಾನವನ್ನೂ ಮಾಡಿರೆಂದು ತೀರ್ಪಾಯಿತು. ಗಡಿಗೆಯಾದರೆ ಕಣ್ಣಿಗೆ ಕಾಣುತ್ತದೆ. ದಾರಿಯಲ್ಲಿ ಚೀಲ ಸಿಕ್ಕಿದರೆ ಒಂದು ವರ್ಷ ಸಾರಿ ಹೇಳಬೇಕೆಂಬ ನಿಯಮವಿದೆ. ಧೂಳಿನ ಬಗ್ಗೆ ಯಾರಿಗೆ ಸಾರುವುದು? ಅದು ಒಬ್ಬರದಲ್ಲ. ಒಬ್ಬಾಕೆಯ ಬಳೆ, ಇನ್ನೊಬ್ಬಾಕೆಯ ಓಲೆ, ಮತ್ತೊಬ್ಬಳ ಕರಿಮಣಿ ಸರ ಹೀಗೆ ನೂರು ಮನೆಗಳಿಂದ ಉದುರಿದ್ದು.

ನಮ್ಮ ಹಿಂದಿನ ವಿದ್ವಾಂಸರು ಇದನ್ನು ‘ತುರಾಬುಸ್ಸವ್ವಾಗೀನ್’, ಅಂದರೆ ಅಕ್ಕಸಾಲಿಗರ ಧೂಳು ಎಂಬ ಹೆಸರಿನಲ್ಲೇ ಚರ್ಚಿಸಿದ್ದಾರೆ. ಗಣಿಯ ಮಣ್ಣನ್ನು ಮಾರಲು ಅನುಮತಿಸಿದ ಇಮಾಮ್ ಮಾಲಿಕ್(ರ) ಈ ಧೂಳಿನ ಮಾರಾಟವನ್ನು ಒಪ್ಪಲಿಲ್ಲ. ಒಳಗೆಷ್ಟಿದೆಯೆಂದು ಮಾರುವವನಿಗೂ ತಿಳಿಯದು, ಕೊಳ್ಳುವವನಿಗೂ ತಿಳಿಯದು. ಹನಫೀ ಗ್ರಂಥಗಳು ಮಾರಾಟಕ್ಕೆ ದಾರಿ ಬಿಡುತ್ತವೆ, ಆದರೆ ಹಣದ ವಿಷಯದಲ್ಲಿ ಬಿಗಿ. ಧೂಳಿನಲ್ಲಿರುವುದು ಜನರ ಸೊತ್ತು. ಉದುರಿದಷ್ಟನ್ನು ಗಿರಾಕಿಯ ಆಭರಣಕ್ಕೆ ತನ್ನ ಕಡೆಯಿಂದ ಸೇರಿಸಿ ಕೊಟ್ಟಿದ್ದರೆ ಮಾತ್ರ ಅದು ಅಕ್ಕಸಾಲಿಗನಿಗೆ ಸಲ್ಲುತ್ತದೆ, ಇಲ್ಲವಾದರೆ ದಾನ ಮಾಡಬೇಕು.

ಈಗ ನಮ್ಮ ರೂಢಿ ನೋಡಿ. ಉದುರಿದ್ದಕ್ಕೆ ‘ವೇಸ್ಟೇಜ್’ ಎಂದು ಗಿರಾಕಿಯಿಂದಲೇ ಹಣ ಪಡೆಯುತ್ತಾರೆ. ಉದುರಿದ ಚಿನ್ನವೂ ಅಂಗಡಿಯಲ್ಲೇ ಉಳಿಯುತ್ತದೆ. ಗಿರಾಕಿ ತಿಳಿದು ಒಪ್ಪಿದರೆ ಅದು ಕೂಲಿಯ ಭಾಗವೆನ್ನಬಹುದು. ವ್ಯಾಪಾರದ ರೂಢಿಗೆ ಕರ್ಮಶಾಸ್ತ್ರದಲ್ಲಿ ಸ್ಥಾನವುಂಟು. ಆದರೆ ನಮ್ಮ ಮನೆಯ ಹೆಂಗಸರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಮಾನ್ವಿಯಲ್ಲಿ ನನ್ನ ಅಮ್ಮಿ ಹಳೆಯ ಓಲೆ ಕೊಟ್ಟು ಹೊಸದು ಮಾಡಿಸಿದಾಗ, ವೇಸ್ಟೇಜ್ ಎಂದರೆ ಸರಕಾರದ ತೆರಿಗೆ ಎಂದು ತಿಳಿದಿದ್ದರು. ಅದನ್ನು ಒಪ್ಪಿಗೆ ಎನ್ನಲು ನನ್ನ ಮನಸ್ಸು ಬರುವುದಿಲ್ಲ.

ಚರಂಡಿಯ ಕೆಸರು ತೊಳೆಯುವವನ ವಿಷಯ ಬೇರೆ. ಅಲ್ಲಿಗೆ ಹರಿದುಹೋದದ್ದನ್ನು ಎಲ್ಲರೂ ಕೈಬಿಟ್ಟಾಗಿದೆ. ಅವನು ಬೆವರು ಸುರಿಸಿ ಎತ್ತದಿದ್ದರೆ ಅದು ಯಾರಿಗೂ ಇಲ್ಲ. ಜನ ಅವನನ್ನೇ ಸಂಶಯದಿಂದ ನೋಡುತ್ತಾರೆ, ಅಂಗಡಿಯ ಒಳಗಿನ ಡಬ್ಬವನ್ನು ಯಾರೂ ಕೇಳುವುದಿಲ್ಲ.

ಕೊನೆಗೆ ಇಷ್ಟನ್ನೂ ಭಾವನಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. “ಮೌಲಾನಾ, ಒಂದು ಬಳೆಯಿಂದ ಉದುರೋದು ತಕ್ಕಡಿಗೂ ತಾಕೋದಿಲ್ಲ. ಅದನ್ನ ಯಾರಿಗಂತ ವಾಪಸ್ ಕೊಡಲಿ?” ಎಂದರು. ಒಬ್ಬರಿಗೂ ತಾಕದ್ದು ವರ್ಷದ ಕೊನೆಗೆ ಹೇಗೆ ತೂಕಕ್ಕೆ ಬಂತು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಈ ಟಿ.ವಿ.ಯ ಹಣದಲ್ಲೂ ಅದರ ಪಾಲಿದೆ ಎಂದರು. ಆಮೇಲೆ ಮಗನ ನೋಟ್‌ಬುಕ್ ತೆಗೆದುಕೊಂಡು ಕಳೆದ ವರ್ಷ ಧೂಳಿಗೆ ಎಷ್ಟು ಬಂದಿತ್ತೆಂದು ಬರೆಯತೊಡಗಿದರು. ಲೆಕ್ಕ ಅಂದು ಮುಗಿಯಲಿಲ್ಲ, ಇಶಾದ ಅಝಾನ್ ಆಯಿತು. ಈ ವರ್ಷ ಧೂಳಿನವನು ಬಂದಾಗ ಫೋನ್ ಮಾಡುತ್ತೇನೆಂದು ಹೇಳಿದ್ದಾರೆ.